ಕಿವಿಗೆ ದಿಕ್ಕು ಗೊತ್ತು

ಅಳ್ನಾವರದಲ್ಲಿ ಬೆಳೆದವರಿಗೆ ರೈಲಿನ ವೇಳಾಪಟ್ಟಿ ಬಾಯಿಪಾಠ ಬರದಿದ್ದರೂ ರೈಲಿನ ದಿಕ್ಕು ಮಾತ್ರ ಬರುತ್ತದೆ. ಮನೆಯೊಳಗೆ ಕುಳಿತು, ಕಣ್ಣು ಮುಚ್ಚಿಕೊಂಡೇ, ‘ಇದು ಲೋಂಡಾ ಕಡೆಯಿಂದ ಬಂತು’, ‘ಇದು ಧಾರವಾಡದ ಕಡೆಯದು’ ಎಂದು ಹೇಳಬಲ್ಲವರು ಅಲ್ಲಿ ಅನೇಕರಿದ್ದಾರೆ. ದಾಂಡೇಲಿಯ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಅದು. ಯಾರೂ ಕಲಿಸದೆ ಬರುವ ಈ ವಿದ್ಯೆಗೆ ಬೆಲೆಯಿದೆ ಎಂದು ಯಾರಿಗೂ ಅನಿಸುವುದಿಲ್ಲ. ಎರಡು ಕಿವಿ ಇದ್ದರಾಯಿತು, ತಾನಾಗಿಯೇ ಬರುತ್ತದೆ. ಆ ಊರಿನ ಒಂದು ಮನೆಯಲ್ಲಿ ಅದರ ಬೆಲೆಯ ಲೆಕ್ಕ ಶುರುವಾದದ್ದು ಒಂದು ಹೆಡ್‌ಫೋನಿನ ನೆಪದಿಂದ.

ಮನೆಯ ಹುಡುಗ ಪಿಯುಸಿ ಎರಡನೆಯ ವರ್ಷದವನು. ಮೊಬೈಲಿನಲ್ಲಿ ಆಡುವ ನಾಲ್ವರ ತಂಡದ ಯುದ್ಧದಾಟದಲ್ಲಿ ಅವನ ಕೈ ಪಳಗಿತ್ತು. ಹುಬ್ಬಳ್ಳಿಯ ಒಂದು ಕಾಲೇಜಿನ ಉತ್ಸವದಲ್ಲಿ ಆ ಆಟದ ಸ್ಪರ್ಧೆಯಿತ್ತು. ತಂದೆಯ ಮುಂದೆ ಬೇಡಿಕೆ ಇಟ್ಟ: ಆರು ಸಾವಿರ ರೂಪಾಯಿಯ ಹೆಡ್‌ಫೋನ್ ಬೇಕು.

ಇಪ್ಪತ್ತೈದು ವರ್ಷ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ದುಡಿದ ತಂದೆ ಒಂದು ಗಳಿಗೆ ಸುಮ್ಮನಿದ್ದರು. “ಇದ್ದದ್ದಕ್ಕ ಏನಾಗೇದ?” ಎಂದರು.

“ಹಾಡು ಕೇಳಾಕ ಸಾಕ್ರಿ ಅದು. ವೈರಿ ಹೆಜ್ಜಿ ಸಪ್ಪಳ ಯಾವ ಕಡಿಂದ ಬಂತು ಅನ್ನೂದು ತಿಳಿಯಂಗಿಲ್ಲ.”

“ಆಟಕ್ಕ ಕಣ್ಣು ಸಾಲವಲ್ಲವೇನು, ಕಿವೀನೂ ಬೇಕೇನು?”

ಪಾಲಕರಿಗೆ ಇಂಥ ಆಟಗಳ ಬಗ್ಗೆ ಇರುವ ಅನುಮಾನ ಅಕಾರಣವಲ್ಲ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವಿಡಿಯೊ ಆಟ ಪ್ರದರ್ಶನ ಸ್ಪರ್ಧೆಯಾಗಿತ್ತು; ಅಲ್ಲಿ ಭಾರತದ ತೀರ್ಥ್ ಮೆಹ್ತಾ ಕಂಚು ಗೆದ್ದರು. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಅದಕ್ಕೆ ಅಧಿಕೃತ ಪದಕವೇ ಸಿಕ್ಕಿತು. ಭಾರತ ಸರಕಾರ 2022ರ ಡಿಸೆಂಬರ್‌ನಲ್ಲಿ ಇ-ಕ್ರೀಡೆಯನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಅದರಿಂದ ಬೇರ್ಪಡಿಸಿತು. ಜೂಜು ಬೇರೆ, ಪಂದ್ಯ ಬೇರೆ. ಇಷ್ಟು ತಿಳಿದ ಮೇಲೆ ತಂದೆಯ ಮುಖ ತುಸು ಸಡಿಲಾಯಿತು. ಆದರೂ ಆರು ಸಾವಿರ ಆರು ಸಾವಿರವೇ ತಾನೆ?

ಜಗಳ ಬಗೆಹರಿಸಿದವಳು ಧಾರವಾಡದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವ ಅಕ್ಕ. ರವಿವಾರ ಮನೆಗೆ ಬಂದವಳು ಅಂಗಳದಲ್ಲಿ ಬಿದ್ದಿದ್ದ, ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ಎರಡು ಮೀಟರಿನಷ್ಟು ಕತ್ತರಿಸಿದಳು. ನಟ್ಟನಡುವೆ ಬಳಪದಿಂದ ಗೆರೆ ಎಳೆದಳು. ತಮ್ಮನ ಕಣ್ಣಿಗೆ ಟವೆಲ್ ಕಟ್ಟಿ, ಪೈಪಿನ ಒಂದು ತುದಿಯನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಹಿಡಿಸಿದಳು. ಪೈಪು ಅವನ ಬೆನ್ನ ಹಿಂದೆ ಇಳಿಬಿದ್ದಿತ್ತು. ಗೆರೆಯ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ಬಡಿದಾಗ “ನಡುವ” ಎಂದ. ಗೆರೆಯಿಂದ ಎರಡೇ ಸೆಂಟಿಮೀಟರ್ ಬಲಕ್ಕೆ ಸರಿದು ಬಡಿದಾಗ ತಟ್ಟನೆ “ಬಲಕ್ಕ” ಎಂದ. ಎಡಕ್ಕೆ ಸರಿದಾಗ “ಎಡಕ್ಕ” ಎಂದ. ಹತ್ತು ಸಲ ಬಡಿದರೂ ಒಮ್ಮೆಯೂ ತಪ್ಪಲಿಲ್ಲ.

ಈ ಪ್ರಯೋಗವನ್ನು ಯಾವ ವಿದ್ಯಾರ್ಥಿಯೂ ಮನೆಯಲ್ಲಿ ಮಾಡಿ ನೋಡಬಹುದು. ಅದರ ಲೆಕ್ಕ ಸೋಜಿಗದ್ದು. ಎರಡು ಸೆಂಟಿಮೀಟರ್ ಸರಿದಾಗ ಒಂದು ಕಿವಿಯ ದಾರಿ ಅಷ್ಟು ಕಿರಿದಾಗುತ್ತದೆ, ಇನ್ನೊಂದರದು ಅಷ್ಟೇ ಹಿರಿದಾಗುತ್ತದೆ. ಒಟ್ಟು ವ್ಯತ್ಯಾಸ ನಾಲ್ಕು ಸೆಂಟಿಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿ ನೋಡಿದರೆ, ಒಂದು ಸೆಕೆಂಡನ್ನು ಹತ್ತು ಸಾವಿರ ಪಾಲು ಮಾಡಿದಾಗ ಅದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಅಷ್ಟು ಸಣ್ಣ ಅಂತರವನ್ನು ಹುಡುಗನ ತಲೆ ಗಡಿಯಾರವಿಲ್ಲದೆ ಅಳೆಯಿತು.

ಬಯಲಿನಲ್ಲಿಯೂ ನಡೆಯುವುದು ಇದೇ. ಪೂರ್ತಿ ಬಲಬದಿಯಿಂದ ಬಂದ ಸದ್ದು ಎಡಗಿವಿಗೆ ತಲುಪಲು ಅದೇ ಹತ್ತು ಸಾವಿರದ ಆರೇಳು ಪಾಲಿನಷ್ಟು ತಡವಾಗುತ್ತದೆ. ತೆಳುವಾದ ಏರುದನಿಯ ಸದ್ದಾದರೆ ತಲೆಯೇ ಗೋಡೆಯಂತೆ ಅಡ್ಡ ನಿಂತು ಆಚೆಯ ಕಿವಿಗೆ ಅದನ್ನು ಕ್ಷೀಣಗೊಳಿಸುತ್ತದೆ. ಕಾಲದ ವ್ಯತ್ಯಾಸ ಒಂದು, ಬಲದ ವ್ಯತ್ಯಾಸ ಇನ್ನೊಂದು. ಇವೆರಡರಿಂದ ನಮಗೆ ದಿಕ್ಕು ತಿಳಿಯುತ್ತದೆಂದು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲಿ 1907ರಲ್ಲಿಯೇ ವಿವರಿಸಿದ್ದ. ಮುಂದೆಯೋ ಹಿಂದೆಯೋ ಎಂಬುದನ್ನು ಹೊರಗಿವಿಯ ಮಡಿಕೆಗಳು ಹೇಳಿಕೊಡುತ್ತವೆ.

“ನಿನ್ನ ಆಟದಾಗೂ ಇಷ್ಟ ನಡಿತದ” ಎಂದಳು ಅಕ್ಕ. “ವೈರಿ ಬಲಕ್ಕಿದ್ರ ಆಟದ ಲೆಕ್ಕ ಎಡಗಿವಿಗೆ ಸದ್ದು ತುಸು ತಡಾ ಮಾಡಿ, ತುಸು ಸಣ್ಣ ಮಾಡಿ ಕಳಸ್ತದ. ಹೆಡ್‌ಫೋನಿನ ಕೆಲಸ ಅದನ್ನ ಕೆಡಸದಂಗ ಮುಟ್ಟಿಸೂದು. ಇದ್ದದ್ದು ಎರಡು ಕಿವಿ, ಎರಡು ಸ್ಪೀಕರ್ ಸಾಕು.”

ಧಾರವಾಡದ ಅಂಗಡಿಗೆ ಮೂವರೂ ಹೋದರು. ಹುಡುಗ ಮೆಚ್ಚಿದ ಹೆಡ್‌ಫೋನಿನ ಡಬ್ಬಿಯ ಮೇಲೆ ‘7.1’ ಎಂದು ದಪ್ಪಕ್ಷರದಲ್ಲಿತ್ತು. ಕೆಂಪು ನೀಲಿ ದೀಪಗಳೂ ಇದ್ದವು. ಏಳು ಸ್ಪೀಕರುಗಳ ಭ್ರಮೆಯನ್ನು ಎರಡರಲ್ಲಿ ಹುಟ್ಟಿಸುವ ತಂತ್ರವದು. ಆಟವೇ ತನ್ನ ಲೆಕ್ಕದಿಂದ ದಿಕ್ಕು ಬೆರೆಸಿ ಕಳಿಸುತ್ತಿರುವಾಗ ಅದರ ಮೇಲೆ ಇನ್ನೊಂದು ಲೆಕ್ಕ ಹೇರಿದರೆ, ಬರೆದ ಹಾಳೆಯ ಮೇಲೆ ಮತ್ತೆ ಬರೆದಂತೆ. ಎರಡೂ ಕಲಸಿಹೋಗುತ್ತವೆ. ಎದೆ ಗುದ್ದುವಂಥ ದಪ್ಪ ಸದ್ದೂ ಸಿನಿಮಾಕ್ಕೆ ಚೆಂದ, ಈ ಆಟಕ್ಕಲ್ಲ. ಕೆಳದನಿ ಜೋರಾದಾಗ ತನಗಿಂತ ಮೇಲಿನ ದನಿಗಳನ್ನು ಮುಚ್ಚುವುದು ಕಿವಿಯ ಸ್ವಭಾವ. ಡೊಳ್ಳಿನ ಪಕ್ಕದಲ್ಲಿ ಗೆಜ್ಜೆ ಕೇಳಿಸೀತೇ?

ತಂತಿಯಿಲ್ಲದ ಹೆಡ್‌ಫೋನಿನ ಕಥೆ ಬೇರೆ. ಸಾಧಾರಣ ಬ್ಲೂಟೂತಿನಲ್ಲಿ ಸದ್ದು ಕಿವಿಗೆ ತಲುಪಲು ಸೆಕೆಂಡಿನ ಸಾವಿರ ಪಾಲಿನಲ್ಲಿ ನೂರರಿಂದ ಇನ್ನೂರು ಪಾಲು ತಡವಾಗುವುದುಂಟು. ಸದ್ದು ಕೇಳಿ ಬೆರಳು ಅಲ್ಲಾಡಲು ಮನುಷ್ಯನಿಗೆ ಬೇಕಾಗುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಎದುರಾಳಿ ಪ್ರತಿಸಲ ಒಂದು ಹೆಜ್ಜೆ ಮುಂದಿದ್ದಂತಾಯಿತು. ತಂತಿಯುಳ್ಳದ್ದಕ್ಕೆ ಆ ತೊಂದರೆಯಿಲ್ಲ, ಬೆಲೆಯೂ ಕಡಿಮೆ. ಇಂದಿನ ಅನೇಕ ಮೊಬೈಲುಗಳಿಗೆ ದುಂಡನೆಯ ರಂಧ್ರವಿಲ್ಲದ್ದರಿಂದ ಟೈಪ್-ಸಿ ಪಿನ್ನಿನದೋ ಅಥವಾ ಸಣ್ಣ ಜೋಡಣೆ ತುಂಡೋ ಬೇಕಾಗುತ್ತದೆ, ಅಷ್ಟೆ.

ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು ಒಳ್ಳೆಯದೋ, ಗಾಳಿಯಾಡುವಂಥದ್ದೋ? ಹಿಂಬದಿ ತೆರೆದ ಹೆಡ್‌ಫೋನನ್ನು ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಮಾರುಕಟ್ಟೆಗೆ ತಂದಿತ್ತು. ಅದರಲ್ಲಿ ಸದ್ದು ತೆರೆದ ಬಯಲಿನಲ್ಲಿ ಕೇಳಿದಂತಿರುತ್ತದೆ, ಆದರೆ ಸುತ್ತಲಿನ ಗದ್ದಲವೂ ಒಳಗೆ ಬರುತ್ತದೆ. ನಿಶ್ಶಬ್ದ ಕೋಣೆಯಲ್ಲಿ ಆಡುವವರಿಗೆ ಅದು ಹಿತ. ಅಳ್ನಾವರದ ಮಳೆ ತಗಡಿನ ಮೇಲೆ ಸುರಿಯುವಾಗ, ಇಲ್ಲವೆ ಸ್ಪರ್ಧೆಯ ಸಭಾಂಗಣದಲ್ಲಿ, ಮುಚ್ಚಿದ್ದೇ ಮೇಲು. ಹೊರಗಿನ ಗದ್ದಲವನ್ನು ಮೀರಿಸಲೆಂದು ಸದ್ದು ಏರಿಸಬೇಕಾಗುವುದಿಲ್ಲ.

ಕೊನೆಗೆ ಹುಡುಗ ಕೊಂಡದ್ದು ತಂತಿಯುಳ್ಳ, ಹಗುರವಾದ, ಕಿವಿ ಸುತ್ತ ಮೆತ್ತಗೆ ಕೂರುವ, ತಂಡದವರೊಡನೆ ಮಾತನಾಡಲು ಮೈಕು ಇರುವ ಒಂದು ಸಾದಾ ಹೆಡ್‌ಫೋನ್. ಹದಿನೈದು ನಿಮಿಷ ತಲೆಗೆ ಹಾಕಿಕೊಂಡೇ ಅಂಗಡಿಯಲ್ಲಿ ಅಡ್ಡಾಡಿ, ಬಿಗಿಯಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಎರಡೂ ಬದಿಯ ಸದ್ದು ಸಮನಾಗಿದೆಯೇ ಎಂದೂ ನೋಡಿದ. ಬೆಲೆ ಅವನು ಕೇಳಿದ್ದರ ಕಾಲುಭಾಗವೂ ಆಗಲಿಲ್ಲ. ಆದರೂ ಮನೆಗೆ ಬಂದು ಆಡಿದ ಮೊದಲ ಆಟದಲ್ಲಿ ಸೋತ. ಎಡಗಡೆ ಹೆಜ್ಜೆ ಕೇಳಿ ಎಡಕ್ಕೆ ತಿರುಗಿದರೆ ವೈರಿ ಬಲಕ್ಕಿದ್ದ. ಅಕ್ಕ ನಕ್ಕಳು: ‘ಎಲ್’ ಎಂದಿದ್ದ ಬದಿಯನ್ನು ಅವನು ಬಲಗಿವಿಗೆ ಹಾಕಿಕೊಂಡಿದ್ದ!

ಅಂದು ಸಂಜೆ ಹುಡುಗನಿಗೆ ಉತ್ಸಾಹ. ತಂದೆಯ ತಲೆಗೆ ಹೆಡ್‌ಫೋನ್ ಇಟ್ಟು ಆಟ ಹಚ್ಚಿದ. “ಹೇಳ್ರಿ ಅಪ್ಪಾ, ಹೆಜ್ಜಿ ಯಾವ ಕಡಿಂದ ಬರಾಕತ್ತಾವು?”

“ಗುಂಡಿನ ಸದ್ದು ಕೇಳಸ್ತದ. ಹೆಜ್ಜಿ ಎಲ್ಲಿ ಅದಾವಪಾ?”

ಸದ್ದು ಏರಿಸಿದ. ತಂದೆ ತಲೆ ಅಲ್ಲಾಡಿಸಿದರು. ಮತ್ತಷ್ಟು ಏರಿಸಲು ಹೋದಾಗ ಅಕ್ಕ ಕೈ ಹಿಡಿದಳು. ಹೊರಗೆ ಮೊದಲ ಮಳೆಯ ಮರುದಿನದ ಸಂಜೆ, ಕಾಡಂಚಿನ ಊರು, ಜೀರುಂಡೆಗಳ ಸದ್ದಿಗೆ ಮಾತು ಕೇಳಿಸುವುದೇ ಕಷ್ಟವೆನ್ನುವಂತಿತ್ತು. “ಅಪ್ಪಾ, ಜೀರುಂಡಿ ಕೇಳಸಾಕತ್ತಾವೇನು?” ಎಂದು ಕೇಳಿದಳು.

ತಂದೆ ಕಿಟಕಿಯ ಕಡೆ ನೋಡಿದರು. “ಎಲ್ಲೆವ? ಮೂರ್ನಾಲ್ಕು ವರ್ಷ ಆತು, ಜೀರುಂಡಿ ಕಡಿಮಿ ಆಗ್ಯಾವು. ಕಾಡ ಹ್ವಾದಂಗ ಅವೂ ಹ್ವಾದ್ವು” ಎಂದರು.

ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಜೀರುಂಡೆಗಳು ಕೂಗುತ್ತಲೇ ಇದ್ದವು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಾಳವಿದೆ. ಅದರಲ್ಲಿ ಹುಟ್ಟುವಾಗಲೇ ಸುಮಾರು ಹದಿನೈದು ಸಾವಿರ ಕೂದಲು ಜೀವಕೋಶಗಳಿರುತ್ತವೆ. ಸದ್ದಿನ ಕಂಪನವನ್ನು ನರದ ಸಂದೇಶವಾಗಿಸುವುದು ಅವೇ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಗದ್ದಲದಿಂದ ಮೊದಲು ಹೋಗುವುದು 3,000ದಿಂದ 6,000 ಹರ್ಟ್ಸ್‌ನ ಏರುದನಿಗಳನ್ನು ಹಿಡಿಯುವ ಕೋಶಗಳು. ಜೀರುಂಡೆಯ ಕಿರುಚು, ‘ಸ’ಕಾರ ‘ಶ’ಕಾರದ ಭೇದ, ಒಣ ಎಲೆಯ ಮೇಲಿನ ಹೆಜ್ಜೆಯ ಚರಚರ ಇವೆಲ್ಲ ಆ ಎತ್ತರದ ದನಿಗಳನ್ನೇ ನೆಚ್ಚಿಕೊಂಡಿವೆ. ಗರಗಸದ ಸದ್ದು 100 ಡೆಸಿಬೆಲ್ ಸುತ್ತಮುತ್ತ ಇರುತ್ತದೆ. ತಂದೆ ಇಪ್ಪತ್ತೈದು ವರ್ಷ ಅದರ ಪಕ್ಕದಲ್ಲಿ ನಿಂತಿದ್ದರು, ಕಿವಿಗೆ ಅರಿವೆಯನ್ನೂ ತುರುಕಿಕೊಳ್ಳದೆ. ನೋವಾಗಿರಲಿಲ್ಲ, ಹಾಗಾಗಿ ಗೊತ್ತೂ ಆಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬೆಲ್ ಸದ್ದನ್ನು ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬೆಲ್ ಮಿತಿ. ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧವಾಗಬೇಕು: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 100 ಡೆಸಿಬೆಲ್ ಮುಟ್ಟುವಾಗ ವಾರಕ್ಕೆ 20 ನಿಮಿಷ ಚಿಲ್ಲರೆ ಮಾತ್ರ ಉಳಿಯುತ್ತದೆ. ಹೆಡ್‌ಫೋನು 100ರ ಮಟ್ಟವನ್ನು ಸುಲಭವಾಗಿ ಮುಟ್ಟಬಲ್ಲದು. ಗುಂಡಿನ ಸದ್ದು, ಸ್ಫೋಟ ಇವೇ ತುಂಬಿದ ಆಟಗಳಲ್ಲಿ ಅಪಾಯ ಹೆಚ್ಚು. ಆದ್ದರಿಂದಲೇ 2025ರಲ್ಲಿ ಆ ಸಂಸ್ಥೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದೊಡನೆ ಸೇರಿ ವಿಡಿಯೊ ಆಟ ಮತ್ತು ಇ-ಕ್ರೀಡೆಗೆಂದೇ ಸುರಕ್ಷಿತ ಆಲಿಕೆಯ ಮಾನದಂಡ ಹೊರತಂದಿತು.

ಇಲ್ಲೊಂದು ವಿಪರ್ಯಾಸವಿದೆ. ಹೆಜ್ಜೆ ಕೇಳಬೇಕೆಂದು ಹುಡುಗರು ಸದ್ದು ಏರಿಸುತ್ತಾರೆ. ಏರಿಸಿದಷ್ಟೂ ಗುಂಡಿನ ಸದ್ದು ಬಡಿದು, ಹೆಜ್ಜೆ ಹಿಡಿಯುವ ಕೋಶಗಳೇ ಸೊರಗುತ್ತವೆ. ಆಮೇಲೆ ಇನ್ನಷ್ಟು ಏರಿಸಬೇಕಾಗುತ್ತದೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರಂಥ ಗಾಯಕರನ್ನು ಕೊಟ್ಟ ಸೀಮೆ ಇದು. ತಂಬೂರಿಯ ಶ್ರುತಿ ಕೂಡಿಸುವವರನ್ನು ನೋಡಿದವರಿಗೆ ಗೊತ್ತು, ಅವರು ತಂತಿಯನ್ನು ಜೋರಾಗಿ ಮೀಟುವುದಿಲ್ಲ. ಮೆಲ್ಲಗೆ ಮೀಟಿ, ಕಿವಿ ಹತ್ತಿರ ತರುತ್ತಾರೆ.

ಮುಂದಿನ ವಾರ ಆ ಮನೆಯವರು ಮತ್ತೆ ಧಾರವಾಡಕ್ಕೆ ಹೋದರು, ಈ ಸಲ ಆಸ್ಪತ್ರೆಗೆ. ಹೆಡ್‌ಫೋನಿನಲ್ಲಿ ಉಳಿದ ಹಣ ಅದಕ್ಕಾಯಿತು. ಅಲ್ಲಿಯೂ ತಂದೆಯ ತಲೆಗೆ ಒಂದು ಹೆಡ್‌ಫೋನನ್ನೇ ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಹುಡುಗ ಗಾಜಿನ ಆಚೆ ನಿಂತು ನೋಡುತ್ತಿದ್ದ. ಎಷ್ಟೋ ಹೊತ್ತು ತಂದೆಯ ಬೆರಳು ಅಲ್ಲಾಡಲಿಲ್ಲ. ನಕ್ಷೆಯ ಗೆರೆ ಎಡದಿಂದ ನೆಟ್ಟಗೆ ಬಂದು, ಬಲಕ್ಕೆ ಹೋಗುತ್ತ ಗುಡ್ಡದಿಂದ ಜಾರಿದಂತೆ ಕೆಳಗಿಳಿದಿತ್ತು. ಇದ್ದದ್ದನ್ನು ಉಳಿಸಿಕೊಳ್ಳಬಹುದು, ಶ್ರವಣ ಸಾಧನದಿಂದ ಮಾತು ಸ್ಪಷ್ಟವಾದೀತು, ಹೋದದ್ದು ಬಾರದು ಎಂದರು ವೈದ್ಯರು.

ತಂದೆ ಈಗ ಮಿಲ್ಲಿಗೆ ಕಿವಿಮುಚ್ಚುಗ ಹಾಕಿಕೊಂಡು ಹೋಗುತ್ತಾರೆ. ಜೊತೆಯವರು ನಗುತ್ತಾರಂತೆ. ಹುಡುಗನ ಮೊಬೈಲಿನಲ್ಲಿ ಸದ್ದು ಅರ್ಧ ದಾಟುವುದಿಲ್ಲ. ಒಂದು ತಾಸು ಆಡಿದರೆ ಹತ್ತು ನಿಮಿಷ ಹೆಡ್‌ಫೋನ್ ಕೆಳಗಿಡುತ್ತಾನೆ. ಕಿವಿಯಲ್ಲಿ ಗುಂಯ್ ಎಂದರೆ ಅಂದಿನ ಆಟ ಅಲ್ಲಿಗೇ ಮುಗಿಯಿತು. ಹುಬ್ಬಳ್ಳಿಯ ಸ್ಪರ್ಧೆಯಲ್ಲಿ ಅವನ ತಂಡ ಎರಡನೆಯ ಸುತ್ತಿನಲ್ಲಿಯೇ ಸೋತಿತು. ಆದರೆ ಹೆಜ್ಜೆ ಕೇಳದ್ದಕ್ಕಲ್ಲ.

ಹೆಡ್‌ಫೋನ್ ಕೊಡಿಸಿರೆಂದು ಮಕ್ಕಳು ಕೇಳಿದಾಗ ಪಾಲಕರು ಬೇಡವೆನ್ನುವ ಮೊದಲು ಒಂದು ರಬ್ಬರ್ ಪೈಪು ತಂದು ಜೊತೆಗೆ ಕೂಡುವುದು ಒಳ್ಳೆಯದು. ಮಕ್ಕಳ ಕಿವಿ ಎಷ್ಟು ಸೂಕ್ಷ್ಮವೆಂದು ಪಾಲಕರಿಗೂ, ಪಾಲಕರ ಕಿವಿ ಎಷ್ಟು ಸವೆದಿದೆಯೆಂದು ಮಕ್ಕಳಿಗೂ ತಿಳಿದೀತು. ಆ ಮನೆಯಲ್ಲಿ ಈಗ ಸಂಜೆ ಜೀರುಂಡೆ ಕೂಗಿದರೆ ಹುಡುಗ ತಂದೆಯ ಭುಜ ಮುಟ್ಟಿ ಹೇಳುತ್ತಾನೆ: “ಅದಾವ್ರಿ ಅಪ್ಪಾ, ಬಲಗಡಿ, ಹುಣಸಿಗಿಡದಾಗ.”