ಎಲೆಯ ಬೆಲೆ
ಇಸ್ಪೀಟೆಂದರೆ ನಮ್ಮ ಹಿರಿಯರಿಗೆ ಆಗದು. ಆದರೆ ಗಲ್ಫಿನಲ್ಲಿದ್ದ ಭಾವ 2006ರಲ್ಲಿ ತಂದುಕೊಟ್ಟ ಪಿ.ಎಸ್.ಪಿ. ಎಂಬ ಕೈಯಂತ್ರದಲ್ಲಿ ನಾನು ಕಲಿತದ್ದು ಎಲೆಯಾಟವನ್ನೇ. ಜಪಾನಿನ ಕೊನಾಮಿ ಸಂಸ್ಥೆ 2004ರ ಡಿಸೆಂಬರಿನಲ್ಲಿ ಹೊರತಂದ ಆ ಆಟದ ಹೆಸರು 'ಮೆಟಲ್ ಗಿಯರ್ ಆ್ಯಸಿಡ್'.

ಸ್ನೇಕ್ ಎಂಬವನನ್ನು ಕಾವಲುಗಾರರ ಕಣ್ಣುತಪ್ಪಿಸಿ ನಡೆಸಬೇಕು. ಬೆರಳಿನ ಚುರುಕು ಇಲ್ಲಿ ಲೆಕ್ಕಕ್ಕಿಲ್ಲ. ಸರದಿ ಬಂದಾಗ ಕೈಯಲ್ಲಿರುವ ಎಲೆಗಳಿಂದ ಆರಿಸಿ ಇಳಿಸಬೇಕು. ಒಂದೊಂದು ಎಲೆಗೂ ಒಂದು ಬೆಲೆ ಇದೆ. ಬೆಲೆ ಹೆಚ್ಚಿನದನ್ನು ಇಳಿಸಿದರೆ ಮುಂದಿನ ಸರದಿ ಅಷ್ಟು ತಡ. ಆಯುಧದ ಎಲೆಯನ್ನೂ ಬೇಕಾದರೆ ಬರೇ ಹೆಜ್ಜೆ ಸರಿಯಲು ಬಳಸಬಹುದು. ಹಾಗಾಗಿ ಕೆಲಸಕ್ಕೆ ಬಾರದ ಎಲೆ ಎಂಬುದೇ ಅಲ್ಲಿಲ್ಲ.

ಮಗಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವಾಗ ನೆಂಟರು ಕೇಳಿದರು: "ಕೇರಳದಲ್ಲಿದ್ದುಕೊಂಡು ಇದರಿಂದೇನು ಪ್ರಯೋಜನ ಮಾರಾಯ?" ನನಗೆ ಈ ಆಟ ನೆನಪಾಯಿತು. ತುಳು, ಮಲಯಾಳ, ಇಂಗ್ಲಿಷು ಅವಳ ಕೈಗೆ ಹೇಗೂ ಬರುತ್ತವೆ. ಕನ್ನಡದ ಎಲೆಯನ್ನು ನಾವೇ ಕೊಡಬೇಕು. ಅದನ್ನು ಇಳಿಸಿದರೆ ಉದ್ಯೋಗದ ಸರದಿ ತಡವಾದೀತು, ನಿಜ. ಆದರೆ ತಡವಾದ ಸರದಿಯೂ ಬಂದೇ ಬರುತ್ತದೆ. ಕೈಯಲ್ಲೇ ಇಲ್ಲದ ಎಲೆಯನ್ನು ಯಾವ ಸರದಿಯಲ್ಲೂ ಇಳಿಸಲಾಗದು.