ಅಂಟುಗಾತಿಯರು

ಜೇನಿನ ಬಗ್ಗೆ ಬರೆದವರೆಲ್ಲ ಸಿಹಿಯನ್ನೇ ಬರೆದರು. ಹೂವು, ಮಕರಂದ, ತುಪ್ಪ, ಒಂದಿಷ್ಟು ದುಡಿಮೆಯ ಉಪದೇಶ. ಇವುಗಳ ನಡುವೆ ತೂರಿಕೊಂಡು ಹೋಗಿ "ಸ್ವಾಮಿ, ಆ ಗೂಡಿನಲ್ಲಿ ಒಂದು ಅಂಟೂ ಇದೆ" ಎಂದರೆ ಹೇಳಿದವನು ಅರಸಿಕನೆನಿಸಿಕೊಳ್ಳುತ್ತಾನೆ. ಆ ಅರಸಿಕ ನಾನೇ. ಹಲಸಿನ ಹಣ್ಣು ಕೊಯ್ದ ಮಧ್ಯಾಹ್ನ ತೊಳೆ ಬಿಟ್ಟು ಬೆರಳಿಗೆ ಹತ್ತಿದ ಮೇಣದ ಜೊತೆಗೇ ಹೊತ್ತು ಕಳೆಯುವ ಜಾತಿ ನನ್ನದು. ಎರಡು ಬೆರಳು ಕೂಡಿಸುವುದು, ಬಿಡಿಸುವುದು, ನಡುವೆ ಹುಟ್ಟಿದ ಎಳೆ ಎಷ್ಟುದ್ದ ಬಂದೀತೆಂದು ನೋಡುವುದು. ಅತ್ತ ಮನೆಯವರು ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ನಿಂತಿರುತ್ತಾರೆ. ಎಣ್ಣೆ ಹಚ್ಚಿದರೆ ಆಟ ಮುಗಿಯಿತಲ್ಲ ಎಂಬ ಸಂಕಟ ನನಗೆ.

ಜೇನಿನ ಅಂಟಿಗೆ ಪುಸ್ತಕದಲ್ಲಿ ಪ್ರೊಪೊಲಿಸ್ ಎಂದು ಹೆಸರು. ನನ್ನ ಸೌಕರ್ಯಕ್ಕೆ ನಾನದನ್ನು ಗೂಡಂಟು ಎನ್ನುತ್ತೇನೆ. ತರುವವರನ್ನು ಅಂಟುಗಾತಿಯರು ಎಂದು. ಮರದ ಮೊಗ್ಗು, ಗಾಯ, ಎಳೆಚಿಗುರುಗಳಲ್ಲಿ ಒಸರುವ ರಾಳವನ್ನು ಕಚ್ಚಿ ಎಳೆದು, ಪರಾಗ ಕಟ್ಟಿಕೊಳ್ಳುವ ಅದೇ ಹಿಂಗಾಲಿನ ಬುಟ್ಟಿಗೆ ಮೆತ್ತಿಕೊಂಡು ಬರುತ್ತಾರೆ. ಒಳಗೆ ತುಸು ಮೇಣ ಬೆರೆತರೆ ಗೂಡಂಟು ಸಿದ್ಧ. ಚಳಿಯಲ್ಲಿ ಪಟಕ್ಕನೆ ಮುರಿಯುತ್ತದೆ, ಬಿಸಿಲೇರಿದರೆ ಎಳೆದಷ್ಟೂ ಬರುತ್ತದೆ. ಬಣ್ಣ ಕಂದು, ಕೆಂಪು, ಕೆಲವೆಡೆ ಹಸಿರು. ಮೂಸಿದರೆ ಪೂಜೆ ಮುಗಿದ ಮೇಲೂ ಕೋಣೆಯಲ್ಲೇ ಉಳಿದ ಧೂಪದ ನೆನಪಾಗುತ್ತದೆ.

ಈ ಕೆಲಸಕ್ಕೆ ಹೋಗುವವರು ಬಹಳ ಕಡಿಮೆ. ಮೇವಿಗೆ ಹೊರಡುವ ನೂರು ನೊಣಗಳಲ್ಲಿ ಒಂದೂ ಸಿಗುವುದು ಕಷ್ಟ. ಸಿಗುವುದಾದರೂ ಹೇಗೆ? ಹೂವಿಗೆ ಹೋದವಳಿಗೆ ಒಂದು ಗುಟುಕಾದರೂ ಉಂಟು. ಇವಳಿಗೆ ಅದೂ ಇಲ್ಲ. ಅಂಟನ್ನು ಯಾವ ನೊಣವೂ ತಿನ್ನುವುದಿಲ್ಲ. ಸಾಲದ್ದಕ್ಕೆ ಹೊತ್ತು ತಂದ ಮೇಲೆ ಕಾಲಿನಿಂದ ತಾನೇ ಕಿತ್ತುಕೊಳ್ಳಲಾರಳು. ಗೂಡಿನೊಳಗೆ ಯಾರಾದರೂ ಬಂದು ಚೂರುಚೂರಾಗಿ ಕಚ್ಚಿ ಬಿಡಿಸುವ ತನಕ ನಿಂತೇ ಇರಬೇಕು, ಕೆಲವೊಮ್ಮೆ ಗಂಟೆಗಟ್ಟಲೆ. ನಾನಾಗಿದ್ದರೆ ಮರುದಿನವೇ ಹೂವಿನ ಇಲಾಖೆಗೆ ವರ್ಗ ಕೇಳುತ್ತಿದ್ದೆ.

ನನ್ನ ಕುತೂಹಲ ಕೆರಳಿಸಿದ್ದು ಮಾತ್ರ ಬೇರೆ ಸಂಗತಿ. ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನು ಸಾಕುವ ಗೆಳೆಯರೊಬ್ಬರ ತೋಟದಲ್ಲಿ ಎರಡು ಪೆಟ್ಟಿಗೆಗಳು ಭುಜಕ್ಕೆ ಭುಜ ಕೊಟ್ಟು ಕೂತಿವೆ. ಅದೇ ಬಡಗಿ, ಅದೇ ಹಲಗೆ, ಅದೇ ಬಿಸಿಲು. ಒಂದರ ಮುಚ್ಚಳ ಕೈಯಿಟ್ಟರೆ ಏಳುತ್ತದೆ. ಇನ್ನೊಂದಕ್ಕೆ ಉಳಿ ಹಾಕಿ ಮೀಟಬೇಕು. ಚೌಕಟ್ಟುಗಳು ಒಂದಕ್ಕೊಂದು ಬೆಸೆದುಕೊಂಡು ಲಟಕ್ ಎನ್ನುತ್ತವೆ. "ಇದಕ್ಕೊಂದು ಚಟ ಮಾರಾಯ್ರೆ," ಎಂದು ಅವರು ಕೈ ಒರೆಸಿಕೊಳ್ಳುತ್ತಾರೆ. ಚಟವೋ ಚಿಂತನೆಯೋ ಎಂದು ಅಲ್ಲಿಂದ ನನ್ನ ತಲೆ ಹೊರಟಿತು.

ಮೊದಲು ಕುಲ. ಜಾರ್ಜಿಯಾ ಕಡೆಯ ಕಾಕಸಸ್ ಬೆಟ್ಟಗಳ ಜೇನು ಅಂಟಿಗೆ ಹೆಸರುವಾಸಿ. ಚಳಿ ಬರುವ ಮುಂಚೆ ಬಾಗಿಲಿಗೇ ಗೂಡಂಟಿನ ತೆರೆ ಕಟ್ಟಿ, ಓಡಾಟಕ್ಕೆ ಸಣ್ಣ ಕಿಂಡಿಯಷ್ಟೇ ಬಿಡುತ್ತದೆ. ಸ್ಲೊವೇನಿಯಾದ ಕಾರ್ನಿಯೋಲನ್ ಜೇನಿಗೆ ಅಷ್ಟು ಹುಮ್ಮಸ್ಸಿಲ್ಲ. ಎರಡೂ ಒಂದೇ ಪ್ರಭೇದ, ಎರಡಕ್ಕೂ ಚಳಿಗಾಲದ ಪರಿಚಯವಿದೆ, ಆದರೂ ಸ್ವಭಾವ ಬೇರೆ. ಬ್ರೆಜಿಲ್‌ನಲ್ಲಿ 1956ರಲ್ಲಿ ವಾರ್ವಿಕ್ ಕೆರ್ ಆಫ್ರಿಕಾದಿಂದ ರಾಣಿಗಳನ್ನು ತರಿಸಿದರು. ಮರುವರ್ಷ ಅವುಗಳಲ್ಲಿ ಕೆಲವು ತಪ್ಪಿಸಿಕೊಂಡವು. ಆ ಸಂತತಿ ಅಂಟಿನ ವಿಷಯದಲ್ಲಿ ಧಾರಾಳಿ. ನಮ್ಮೂರಿಗೆ ಬಂದರೆ ಬೇರೆಯೇ ಮಜಾ. ತುಡುವೆ ಜೇನಿಗೆ ಅಂಟಿನ ಗೊಡವೆಯೇ ಇಲ್ಲ. ಸಂದು ಮುಚ್ಚಬೇಕಾದರೆ ಮೇಣದಲ್ಲೇ ಮುಗಿಸುತ್ತದೆ. ಕೋಲುಜೇನು ತಾನು ನೇತಾಡುವ ಕೊಂಬೆಯ ಆಚೆಗೂ ಈಚೆಗೂ ಅಂಟಿನ ಬಳೆ ತೊಡಿಸಿ ಇರುವೆಗಳನ್ನು ತಡೆಯುತ್ತದೆ. ಗೋಡೆಯ ಬಿರುಕಿನಲ್ಲಿ ಸಂಸಾರ ಹೂಡುವ ಮುಜಂಟಿಯಂತೂ (ಘಟ್ಟದ ಮೇಲಿನವರ ಮಿಸರಿ) ಬಾಗಿಲಿನ ಕೊಳವೆಯಿಂದ ತುಪ್ಪದ ಗಡಿಗೆಯವರೆಗೆ ಎಲ್ಲವನ್ನೂ ಮೇಣ ಮತ್ತು ರಾಳದಿಂದಲೇ ಕಟ್ಟುತ್ತದೆ. ತುಡುವೆ ಸಾಕಿ ಬೆಳೆದ ಮಲೆನಾಡಿಗ ಮೊದಲ ಸಲ ಮೆಲ್ಲಿಫೆರಾ ಪೆಟ್ಟಿಗೆ ತೆರೆದು ಮೂಗು ಮುರಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕುಲ ಒಂದೇ ಆದ ಆ ಎರಡು ಪೆಟ್ಟಿಗೆಗಳ ಮಾತೇನು? ಇಲ್ಲಿ ರಾಣಿಯ ಸಂಸಾರದೊಳಕ್ಕೆ ಸ್ವಲ್ಪ ಇಣುಕಬೇಕಾಗುತ್ತದೆ. ಮರ್ಯಾದಸ್ಥರು ಮುಖ ತಿರುಗಿಸಬಹುದು. ರಾಣಿ ಗಾಳಿಯಲ್ಲಿ ಹತ್ತಾರು ಗಂಡುನೊಣಗಳೊಡನೆ ಕೂಡುತ್ತಾಳೆ. ಹಾಗಾಗಿ ಒಂದೇ ಗೂಡಿನ ಅಕ್ಕತಂಗಿಯರಿಗೆ ತಾಯಿ ಒಬ್ಬಳು, ತಂದೆಯರು ಹಲವರು. ಪಕ್ಕದ ಗೂಡಿನ ತಂದೆಯರ ಪಟ್ಟಿಯೇ ಬೇರೆ. ಅಂಟಿನ ಒಲವು ಒಂದಿಷ್ಟು ರಕ್ತದಲ್ಲೇ ಬರುವಂಥದ್ದು. ಹೆಚ್ಚು ತರುವ ಕುಟುಂಬಗಳ ರಾಣಿಗಳನ್ನೇ ಆರಿಸುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಅಂಟು ಹೆಚ್ಚಾಗುವುದನ್ನು ಬ್ರೆಜಿಲ್‌ನಲ್ಲಿ ಮಾಡಿ ತೋರಿಸಿದ್ದಾರೆ. ನೂರಕ್ಕೊಬ್ಬಳೂ ಹೋಗದ ಕೆಲಸ ಇದು. ಅಂಥ ಒಲವಿನ ಹೆಣ್ಣುಮಕ್ಕಳು ಒಂದು ಗೂಡಿನಲ್ಲಿ ಒಂದು ಹಿಡಿ ಹೆಚ್ಚಿದ್ದರೂ ಮುಚ್ಚಳ ಗಟ್ಟಿಯಾಗಿ ಕೂತುಬಿಡುತ್ತದೆ.

ಒಲವಿದ್ದರೆ ಸಾಲದು, ಮರವೂ ಬೇಕು. ಯುರೋಪು, ಅಮೆರಿಕಗಳಲ್ಲಿ ಪಾಪ್ಲರ್ ಮರದ ಮೊಗ್ಗೇ ಮುಖ್ಯ ಆಸರೆ. ಬ್ರೆಜಿಲ್‌ನ ಮಿನಾಸ್ ಜೆರಾಯಿಸ್‌ನಲ್ಲಿ ಒಂದು ಪೊದೆಯ ಚಿಗುರನ್ನು ಕಚ್ಚಿ ತಂದದ್ದು ಹಸಿರು ಗೂಡಂಟಾಗಿ ಜಪಾನಿನ ತನಕ ಹೋಗುತ್ತದೆ. ಅದೇ ದೇಶದ ಈಶಾನ್ಯ ಕರಾವಳಿಯ ಕೆಂಪು ಗೂಡಂಟಿಗೆ ಮೂಲ ನಮ್ಮ ಬೀಟೆಮರದ ಕುಲದ್ದೇ ಆದ ಒಂದು ಗಿಡ. ಬೀಟೆ ಎಂದರೆ ಅಟ್ಟಣಿಗೆ, ತೊಲೆ, ಅರಣ್ಯ ಇಲಾಖೆ ಎಂದು ಮೂರೇ ಸಂಗತಿ ಹೊಳೆಯುವ ನನ್ನಂಥವನಿಗೆ, ಅದರ ದೂರದ ಸಂಬಂಧಿ ಸಮುದ್ರದಾಚೆ ಜೇನಿಗೆ ಕೆಂಪು ಅಂಟು ಕೊಡುತ್ತಿದೆ ಎಂಬ ಸುದ್ದಿ ಸುಮ್ಮನೆ ಖುಷಿ ಕೊಟ್ಟಿತು. ಮರ ಸಿಗದ ಕಡೆ ನೊಣಗಳು ಹಸಿ ಬಣ್ಣ, ರಸ್ತೆಯ ಡಾಂಬರು ಕೆರೆದು ತಂದದ್ದೂ ಉಂಟು. ರಾಳ ಮೆತ್ತಗಾಗುವಷ್ಟು ಬಿಸಿಲೂ ಬೇಕು. ತಣ್ಣಗೆ ಬಿಗಿದು ಕೂತ ರಾಳ ಹಲ್ಲಿಗೆ ಬಗ್ಗುವುದಿಲ್ಲ.

ನನಗೆ ಎಲ್ಲಕ್ಕಿಂತ ರುಚಿಸುವುದು ಗೋಡೆಯ ಸಂಗತಿ. ಅಂಟುಗಾತಿಗೆ ಪ್ರಪಂಚ ತಿಳಿಯುವುದು ಬಹುಮಟ್ಟಿಗೆ ಸ್ಪರ್ಶದಿಂದ. ಒರಟು ಯಾವುದು, ನಯ ಯಾವುದು ಎಂದು ಗುರುತಿಸುವ ಪರೀಕ್ಷೆಯಲ್ಲಿ ಅವಳು ಪರಾಗ ತರುವವಳನ್ನು ಮೀರಿಸಿದ್ದಾಳೆ. ಬಿರುಕು, ಸಂದು, ಸಿಬಿರು ಕೈಗೆ ತಾಗಿದರೆ ಸುಮ್ಮನಿರಲಾರಳು. 1851ರಲ್ಲಿ ಫಿಲಡೆಲ್ಫಿಯಾದಲ್ಲಿ ಲೊರೆಂಝೊ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಗೆ ಹೊಳೆದದ್ದೂ ಇದೇ: ಸಂದು ಆರು ಮಿಲಿಮೀಟರಿಗಿಂತ ಕಿರಿದಾದರೆ ನೊಣ ಅಂಟು ತುಂಬುತ್ತದೆ, ಒಂಬತ್ತಕ್ಕಿಂತ ಹಿರಿದಾದರೆ ಎರಿ ಕಟ್ಟುತ್ತದೆ, ನಡುವಿನದನ್ನು ಓಣಿಯೆಂದು ಖಾಲಿ ಬಿಡುತ್ತದೆ. ಈ ಓಣಿಯ ಅಳತೆಯ ಮೇಲೆ ಜಗತ್ತಿನ ಜೇನುಪೆಟ್ಟಿಗೆಗಳೆಲ್ಲ ನಿಂತಿವೆ. ಪಾದ್ರಿಗಳು ಮಹಾ ಬುದ್ಧಿವಂತರು, ಸಂಶಯವಿಲ್ಲ. ಆದರೆ ಅವರ ಲೆಕ್ಕದಲ್ಲಿ ಅಂಟು ತಪ್ಪಿಸಬೇಕಾದ ಪೀಡೆ. ಪೆಟ್ಟಿಗೆಯ ಒಳಮೈ ನುಣ್ಣಗೆ ಕೀಸಿದಷ್ಟೂ ಒಳ್ಳೆಯದು ಎಂಬ ರೂಢಿ ಅದರ ಬೆನ್ನಿಗೇ ಬಂತು.

ಕಾಡಿನ ಪೊಟರೆಯನ್ನು ಯಾರು ಕೀಸಿದರು? 1976ರಲ್ಲಿ ಥಾಮಸ್ ಸೀಲಿ ಮತ್ತು ರೋಜರ್ ಮೋರ್ಸ್ ನ್ಯೂಯಾರ್ಕ್ ರಾಜ್ಯದ ಇಥಾಕಾ ಸುತ್ತಿನ ಮರಪೊಟರೆಗಳ ಕಾಡುಜೇನಿನ ಗೂಡುಗಳನ್ನು ಸೀಳಿ ನೋಡಿ ಬರೆದರು. ಒಳಗೋಡೆಗೆ ಉದ್ದಕ್ಕೂ ಗೂಡಂಟಿನ ತೆಳು ಲೇಪ ಇತ್ತು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಾರ್ಲಾ ಸ್ಪಿವಾಕ್ ಮತ್ತವರ ಶಿಷ್ಯರು 2009ರಲ್ಲಿ ಪೆಟ್ಟಿಗೆಯ ಒಳಮೈಗೆ ಗೂಡಂಟಿನ ಸಾರ ಬಳಿದು ನೋಡಿದಾಗ, ಅಲ್ಲಿನ ನೊಣಗಳ ಮೈಯಲ್ಲಿ ರೋಗದೊಡನೆ ಹೋರಾಡುವ ವ್ಯವಸ್ಥೆ ಅಷ್ಟು ದುಡಿಯುತ್ತಿರಲಿಲ್ಲ. ಗೋಡೆಯೇ ಅರ್ಧ ಕೆಲಸ ಮಾಡಿತ್ತು. 2012ರಲ್ಲಿ ಇನ್ನೊಂದು ಹೆಜ್ಜೆ: ಮರಿಹುಳುಗಳು ಬೆಳ್ಳಗೆ ಬಿರುಸಾಗಿ ಸಾಯುವ ಒಂದು ಶಿಲೀಂಧ್ರರೋಗ ತಗುಲಿದ ಗೂಡಿನಲ್ಲಿ ಅಂಟುಗಾತಿಯರ ಸಂಖ್ಯೆ ಏರಿತು. ಬ್ಯಾಕ್ಟೀರಿಯಾದಿಂದ ಬರುವ ಇನ್ನೊಂದು ರೋಗಕ್ಕೆ ಮಾತ್ರ ಏರಲಿಲ್ಲ. ಅಂದರೆ ಗೆಳೆಯರ ಗಟ್ಟಿಮುಚ್ಚಳದ ಪೆಟ್ಟಿಗೆಯೊಳಗೆ ಯಾವ ಕಾಲದಲ್ಲಿ ಯಾವ ಕಾಯಿಲೆ ಬಂದುಹೋಗಿತ್ತೋ, ಅದೂ ಲೆಕ್ಕಕ್ಕೆ ಸೇರಬೇಕು.

ಇಲ್ಲೊಂದು ಸೆರೆಮನೆಯ ಕಥೆ ಹೇಳದೆ ಮುಂದೆ ಹೋಗಲಾರೆ. ದಕ್ಷಿಣ ಆಫ್ರಿಕಾದ ಕೇಪ್ ಜೇನಿನ ಗೂಡಿಗೆ ಒಂದು ಸಣ್ಣ ಕಪ್ಪು ಜೀರುಂಡೆ ನುಗ್ಗುತ್ತದೆ. ಅದರ ಚಿಪ್ಪು ಗಟ್ಟಿ, ಚುಚ್ಚಲಾಗದು. ನೊಣಗಳು ಅದನ್ನು ಮೂಲೆಗೆ ಒತ್ತರಿಸಿ, ಸುತ್ತ ಗೂಡಂಟಿನ ಗೋಡೆ ಎಬ್ಬಿಸಿ, ಕಾವಲಿಗೆ ನಿಲ್ಲುತ್ತವೆ. ಕೈದಿ ಏನು ಮಾಡುತ್ತದೆ? ಹಸಿದ ನೊಣ ಅನ್ನ ಕೇಳುವ ರೀತಿಯಲ್ಲೇ ಕಾವಲುಗಾರ್ತಿಯ ಬಾಯಿ ಮುಟ್ಟಿ ಬೇಡುತ್ತದೆ. ಅವಳು ಒಂದು ಗುಟುಕು ಕೊಟ್ಟೂ ಬಿಡುತ್ತಾಳೆ! ಇಷ್ಟು ಹೊತ್ತು ಅಂಟನ್ನು ರೋಗನಿರೋಧ, ಆರೋಗ್ಯ ಎಂದು ಗಂಭೀರವಾಗಿ ಹೊಗಳುತ್ತಿದ್ದ ನಾನು ಇದನ್ನೋದಿ ನಕ್ಕುಬಿಟ್ಟೆ. ಗೋಡೆ ಎಷ್ಟು ಗಟ್ಟಿಯಾದರೇನು, ಕಾವಲುಗಾರ್ತಿಯ ಕರುಳು ಮೆತ್ತಗೆ.

ಇಷ್ಟಾದ ಮೇಲೆ, ಅಂಟು ಕಡಿಮೆ ಇರುವ ಪೆಟ್ಟಿಗೆ ಏಕೆ ಹಾಗಿದೆ ಎಂಬುದಕ್ಕೆ ಇನ್ನೊಂದು ಕಾರಣ ಉಳಿಯಿತು: ನಾವು. ಪಶ್ಚಿಮದ ಜೇನುಸಾಕಣೆಯಲ್ಲಿ ಬೆರಳಿಗೆ ಅಂಟದ, ಚೌಕಟ್ಟು ಸಲೀಸಾಗಿ ಏಳುವ ಕುಟುಂಬಗಳೇ "ಒಳ್ಳೆಯ ಜೇನು" ಎನಿಸಿಕೊಂಡು ಮುಂದಿನ ರಾಣಿಗಳ ತಾಯಿಯರಾದವು. ನೊಣಕ್ಕೆ ಬೇಕಾದದ್ದು ಇದಲ್ಲ. ನಮಗೆ ಹತ್ತು ನಿಮಿಷದ ಕೆಲಸ ಐದಕ್ಕಿಳಿಯಬೇಕಿತ್ತು, ಅಷ್ಟೆ. ಆ ಬ್ರೆಜಿಲಿಗರು ಹೆಚ್ಚು ಅಂಟು ತರುವ ಕುಟುಂಬಗಳನ್ನು ಕಡಿಮೆ ತರುವವುಗಳ ಪಕ್ಕದಲ್ಲಿಟ್ಟು ನೋಡಿದಾಗ, ಹೆಚ್ಚಿನವುಗಳಲ್ಲಿ ಮರಿಗಳು ಹೆಚ್ಚು ಉಳಿದವು, ಕೆಲಸಗಾರ್ತಿಯರು ಹೆಚ್ಚು ದಿನ ಬಾಳಿದರು. ಚಟ ಎಂಬ ಗೆಳೆಯರ ತೀರ್ಪನ್ನು ನಾನು ಒಪ್ಪುವುದಿಲ್ಲ. ಅವರಿಗೆ ಹೇಳಿದ್ದೇನೆ, ಅವರು ನನ್ನ ಕೈಗೇ ಉಳಿ ಕೊಟ್ಟರು.

ಹೊಸ ಪೆಟ್ಟಿಗೆ ಮಾಡಿಸುವವರಿದ್ದರೆ ಒಂದು ಮಾತು. ತುಡುವೆಗಾದರೆ ನಿಮ್ಮಿಷ್ಟ, ಅದು ಅಂಟಿನ ತಂಟೆಗೇ ಬರುವುದಿಲ್ಲ. ಮೆಲ್ಲಿಫೆರಾಕ್ಕಾದರೆ ಬಡಗಿಗೆ ಮೊದಲೇ ತಿಳಿಸಿ: ಹೊರಮೈ ಎಷ್ಟು ಬೇಕಾದರೂ ನುಣುಪು ಮಾಡಲಿ, ಒಳಮೈಗೆ ಕೀಸುಳಿ ಮುಟ್ಟಿಸಬಾರದು.