ಕಾಗದವಿಲ್ಲದ ಉಗ್ರಾಣ

ಸಂಘದ ಕೂಟಗಳಲ್ಲಿ ಯಾರಾದರೂ ಕೇಳಿದರೆ, ನಾವು ದಂಪತಿಗಳು "ಇಬ್ಬರೂ ಉಗ್ರಾಣದಲ್ಲಿದ್ದೇವೆ" ಎನ್ನುತ್ತೇವೆ. ಕೇಳಿದವರು ನಕ್ಕುಬಿಡುತ್ತಾರೆ. ಅವರ ಕಣ್ಣಿಗೆ ಮದುವೆ ಮನೆಯ ಉಗ್ರಾಣ, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ ಸೋದರಮಾವ ಬರುತ್ತಿರಬೇಕು. ನಮ್ಮದು ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ಕಡೆಯದು. ಇಲ್ಲಿ ಬೀಗದ ಕೈಯೂ ಇಲ್ಲ, ಈಗ ಚೀಟಿಯೂ ಇಲ್ಲ.

ನಾವು ಸೇರಿದಾಗ ಇನ್ನೂ ಕಾಗದದ ಕಾಲ. ಪಾಳಿಯ ಆರಂಭದಲ್ಲಿ ಆರ್ಡರುಗಳ ಪಟ್ಟಿ ಕೈಗೆ ಬರುತ್ತಿತ್ತು. ಕಿವಿಗೆ ಪೆನ್ಸಿಲ್ ಸಿಕ್ಕಿಸಿ, ಗಾಡಿ ತಳ್ಳಿಕೊಂಡು ಸಾಲುಸಾಲು ತಿರುಗುವುದು. ಸಿಕ್ಕಿದ ಸಾಮಾನಿಗೆ ಗುರುತು, ಸಿಗದ್ದಕ್ಕೆ ಸೊನ್ನೆ. 6 ಎಂಬುದು 8ರಂತೆ ಕಂಡರೆ ಯಾರ ಮನೆಗೋ ಯಾರ ಸಾಮಾನೋ! ಸಂಜೆ ಆ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವ ತನಕ ಯಾವ ಖಾನೆಯಲ್ಲಿ ಎಷ್ಟು ಉಳಿದಿದೆಯೆಂದು ಕಚೇರಿಗೇ ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬ ಹಿರಿಯ ಮೆಕ್ಸಿಕನ್ ಮಹಿಳೆಗೆ. ಹಾಳೆಯ ಅಂಚಿನಲ್ಲಿ "ಇದು ಎರಡು ಸಾಲು ಆಚೆ" ಎಂದು ಬರೆದು ಕೊಡುತ್ತಿದ್ದರು.

ಈಗ ಕೈಗೊಂದು ಸ್ಕ್ಯಾನರ್. ಸಾಲು, ಕಪಾಟು, ಅಂತಸ್ತು, ಖಾನೆ ಎಲ್ಲ ಅದರ ತೆರೆಯ ಮೇಲೆ ಬರುತ್ತದೆ. ಮೊದಲು ಖಾನೆಯ ಚೀಟಿಗೆ ಬೆಳಕು ಹಿಡಿಯಬೇಕು, ಆಮೇಲೆ ಸಾಮಾನಿಗೆ. ಸರಿಯಿದ್ದರೆ "ಕೀಂ" ಎನ್ನುತ್ತದೆ. ತಪ್ಪಿದ್ದರೆ ಕತ್ತೆ ಕೂಗಿದಂಥ ಸದ್ದು, ಮುಂದಕ್ಕೆ ಬಿಡುವುದಿಲ್ಲ. ತೆಗೆದದ್ದು ಆ ಕ್ಷಣವೇ ದಾಸ್ತಾನಿನಿಂದ ಕಳೆದುಹೋಗುತ್ತದೆ. ಅಂಗಡಿ ಸಾಮಾನಿನ ಮೇಲಿನ 12 ಅಂಕೆಗಳಲ್ಲಿ ಕೊನೆಯದು ಹಿಂದಿನ ಹನ್ನೊಂದನ್ನು ಲೆಕ್ಕ ಹಾಕಿ ಪಡೆದದ್ದು. ಒಂದಂಕೆ ತಪ್ಪಾಗಿ ಓದಿದರೂ ತಾಳೆ ಬೀಳುವುದಿಲ್ಲ. ಹೊಸದಾಗಿ ಬಂದ ಹುಡುಗ ಒಂದೇ ವಾರದಲ್ಲಿ ಆ ಹಿರಿಯಾಕೆಗೆ ಸಮನಾಗುತ್ತಾನೆ. ಒಳ್ಳೆಯದೇ. ಆದರೆ ಅವರನ್ನು ಈಗ ಯಾರೂ ಏನೂ ಕೇಳುವುದಿಲ್ಲ.

ಈ ಗೆರೆಗಳ ಕಥೆ ಸ್ವಾರಸ್ಯವಾದದ್ದು. ಜೋಸೆಫ್ ವುಡ್‌ಲ್ಯಾಂಡ್ ಎಂಬಾತ ಮಯಾಮಿಯ ಕಡಲ ತೀರದಲ್ಲಿ ಕುಳಿತು, ಮೋರ್ಸ್ ಸಂಕೇತದ ಚುಕ್ಕೆ-ಗೀಟುಗಳನ್ನು ನೆನೆಯುತ್ತ, ಮರಳಿನಲ್ಲಿ ಬೆರಳಾಡಿಸಿದಾಗ ಹೊಳೆದ ಉಪಾಯವಂತೆ. (ನಮ್ಮ ಅಜ್ಜಂದಿರೂ ಮರಳಿನಲ್ಲೇ ಅಕ್ಷರ ತಿದ್ದಿದವರು!) 1952ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ರೂಪದ ಗೆರೆ ಅಂಗಡಿಯಲ್ಲಿ ಮೊದಲು ಓದಿಸಿಕೊಂಡದ್ದು 1974ರ ಜೂನ್ 26ರಂದು, ಒಹಾಯೊದ ಟ್ರಾಯ್ ಊರಿನಲ್ಲಿ, ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ.

ಆದರೆ ಸಾಮಾನನ್ನು ಓದುವ ಯಂತ್ರ ನಮ್ಮನ್ನೂ ಓದುತ್ತದೆ. ಒಂದು "ಕೀಂ"ಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತೆಂದು ಅದಕ್ಕೆ ಗೊತ್ತು. ಆ ಹೊತ್ತಿನಲ್ಲಿ ಏನಾಯಿತೆಂದು ಗೊತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಸೆಕೆ ತಾಳದೆ ಆ ಹಿರಿಯಾಕೆ ಕುಸಿದು ಕುಳಿತರು. ನಾವಿಬ್ಬರೂ ನೆರಳಿಗೆ ಕರೆದೊಯ್ದು ನೀರು ಕೊಟ್ಟು ಗಾಳಿ ಹಾಕಿದೆವು. ಮೂರನೆಯ ದಿನ ಮೇಲ್ವಿಚಾರಕರು ಕರೆದು, ಇಬ್ಬರ ವೇಗವೂ ಇಳಿದಿದೆ, ಮುಂದೆ ಹೀಗಾಗಬಾರದು ಎಂದರು. ಕಾರಣ ಹೇಳಿದರೆ, "ಯಂತ್ರದಲ್ಲಿ ಅದೇನೂ ಇಲ್ಲವಲ್ಲ" ಎಂದರು.

ಇಲ್ಲಿ 2022ರ ಜನವರಿಯಿಂದ ಒಂದು ಕಾನೂನಿದೆ. ದೊಡ್ಡ ಉಗ್ರಾಣಗಳು ಕೆಲಸಗಾರರಿಗೆ ಗೊತ್ತುಪಡಿಸಿದ ವೇಗವನ್ನು ಬರಹದಲ್ಲಿ ತಿಳಿಸಬೇಕು. ಊಟ, ವಿರಾಮ, ಶೌಚಕ್ಕೆ ಅಡ್ಡಿಯಾಗುವಂತೆ ವೇಗ ಗೊತ್ತುಪಡಿಸಕೂಡದು. ವೇಗದ ಕಾರಣ ತನಗೆ ಈ ಹಕ್ಕು ತಪ್ಪಿತೆಂದು ನಂಬುವ ಕೆಲಸಗಾರ ತನ್ನ 90 ದಿನಗಳ ಲೆಕ್ಕವನ್ನು ಕೇಳಿ ಪಡೆಯಬಹುದು. ಆ ವಾರ ನಮಗೂ ವಿರಾಮ ಸಿಕ್ಕಿರಲಿಲ್ಲ. ಕೇಳಿದೆವು. ಕಾಗದವಿಲ್ಲದ ಉಗ್ರಾಣದಿಂದ ದಪ್ಪನೆಯ ಕಾಗದದ ಕಟ್ಟೇ ಬಂತು! ಅದರಲ್ಲಿ ಆ ದಿನದ ಹದಿನಾಲ್ಕು ನಿಮಿಷ ಖಾಲಿ. ಹಾಳೆಯ ಅಂಚಿನಲ್ಲಿ ನಡೆದದ್ದನ್ನು ಪೆನ್ಸಿಲಿನಿಂದ ಬರೆದೆವು, ಹಿರಿಯಾಕೆಯೂ ಕೆಳಗೆ ರುಜು ಹಾಕಿದರು. ಕಚೇರಿಗೆ ಒಪ್ಪಿಸಿದ ಮೇಲೆ ಆ ಮಾತು ಮತ್ತೆ ಬಂದಿಲ್ಲ.

ನಮ್ಮ ಸಂಘದ ಮನೆಗಳ ಹುಡುಗರೂ ರಜೆಯಲ್ಲಿ ಉಗ್ರಾಣಗಳಿಗೆ ಹೋಗುತ್ತಿದ್ದಾರೆಂದು ಕೇಳಿದ್ದೇವೆ. ನಾವು ಬರೆದ ಅರ್ಜಿಯ ಪ್ರತಿ ಮನೆಯಲ್ಲಿದೆ. ಬೇಕಾದವರು ಮುಂದಿನ ಕೂಟದಲ್ಲಿ ಕೇಳಿ ಪಡೆಯಬಹುದು.